ಸುಡದ ಕೈಗೆ ಕಟ್ಟಿದ ಬ್ಯಾಂಡೇಜು

ನಾನು ಹೊಳೆನರಸೀಪುರದಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಯಾರ ತೋಳು ಎಷ್ಟು ದಪ್ಪ, ಯಾರ ಹೆಗಲು ಒಂದು ಕಡೆ ಇಳಿದಿದೆ, ಹೋದ ಹಬ್ಬದಿಂದ ಈ ಹಬ್ಬಕ್ಕೆ ಯಾರು ಎಷ್ಟು ಊದಿದ್ದಾರೆ, ಎಲ್ಲ ನನಗೆ ಗೊತ್ತು. ಗೊತ್ತಿದ್ದನ್ನು ಹೇಳದೆ ಇರುವುದೂ ಈ ಕಸುಬಿನ ಒಂದು ಭಾಗ. ಹೀಗೆ ಊರಿನ ಹೆಂಗಸರನ್ನೆಲ್ಲ ಟೇಪು ಹಿಡಿದು ಅಳೆದವಳಿಗೆ ತನ್ನ ಬಲಗೈ ಸೊರಗುತ್ತಿದ್ದದ್ದು ಮಾತ್ರ ಕಾಣಲಿಲ್ಲ.

ಕಂಡುಹಿಡಿದವಳು ನನ್ನ ಮಗಳು. ಒಂದು ದಿನ ಬೆಳಿಗ್ಗೆ ಲೈನಿಂಗ್ ಬಟ್ಟೆ ಕತ್ತರಿಸುತ್ತಿದ್ದೆ. ಕತ್ತರಿ ಕೈಯಿಂದ ಜಾರಿ ಕಾಲಿನ ಪಕ್ಕ ಬಿತ್ತು. ಆ ತಿಂಗಳಲ್ಲಿ ಅದು ಬಿದ್ದದ್ದು ಅದೇ ಮೊದಲಲ್ಲ. ಮಗಳು ಅದನ್ನು ಎತ್ತಿಕೊಟ್ಟು ನನ್ನ ಎರಡೂ ಕೈಗಳನ್ನು ಹಿಡಿದು ಪಕ್ಕಪಕ್ಕ ಇಟ್ಟು ನೋಡಿದಳು. "ಅಮ್ಮ, ಇಲ್ಲಿ ಗುಂಡಿ ಬಿದ್ದಿದೆಯಲ್ಲ" ಅಂದಳು. ಹೆಬ್ಬೆರಳಿನ ಬುಡದಲ್ಲಿ ಉಬ್ಬಿಕೊಂಡಿರುವ ಮಾಂಸ ಎಡಗೈಯಲ್ಲಿ ಗುಂಡಗೆ ಇತ್ತು. ಬಲಗೈಯಲ್ಲಿ ಇಂಗಿಹೋಗಿತ್ತು.

ಬೆರಳು ಜುಮ್ಮೆನ್ನುವುದು ಶುರುವಾಗಿ ವರ್ಷದ ಮೇಲಾಗಿತ್ತು. ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು. ನಿದ್ದೆಯಲ್ಲಿ ಎಚ್ಚರವಾಗಿ ಕೈ ಕೊಡವಿ ಮತ್ತೆ ಮಲಗುತ್ತಿದ್ದೆ. ಟೈಲರ್ ಕೈ ಅಲ್ಲವೇ, ನೋಯದೆ ಇನ್ನೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆಮೇಲಾಮೇಲೆ ಸೂಜಿ ಬೆರಳಿಗೆ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಗಿರಾಕಿಯೊಬ್ಬರ ರೇಷ್ಮೆ ರವಿಕೆಗೆ ರಕ್ತ ಹತ್ತಿದ ಮೇಲೆ ಗೊತ್ತಾಯಿತು. ಅದನ್ನೂ ತೊಳೆದು ಇಸ್ತ್ರಿ ಮಾಡಿ ಕೊಟ್ಟು ಸುಮ್ಮನಾದೆ.

ಆದರೆ ಆ ಗುಂಡಿಯನ್ನು ನೋಡಿದಾಗ ಸುಮ್ಮನಿರಲು ಆಗಲಿಲ್ಲ. ಅದೇ ಗುಂಡಿಯನ್ನು ನಾನು ಅಪ್ಪನ ಕೈಯಲ್ಲಿ ನೋಡಿದ್ದೆ.

ನನ್ನ ತವರು ನುಗ್ಗೇಹಳ್ಳಿಯ ಹತ್ತಿರ. ಅಪ್ಪ ತೆಂಗಿನ ತೋಟ ನೋಡಿಕೊಂಡು ಗಟ್ಟಿಮುಟ್ಟಾಗಿದ್ದವರು. ನನ್ನ ಮದುವೆಯಾದ ಮೇಲೆ ಅವರ ಬಲಗೈ ಸೊರಗಿತು, ಆಮೇಲೆ ತೋಳು, ಆಮೇಲೆ ಕಾಲು. ಕೊನೆಗೆ ನಾಲಿಗೆ ಹೊರಳುತ್ತಿರಲಿಲ್ಲ, ಗಂಜಿಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೆಲವರು ಗಾಳಿ ಸೋಕಿದೆ ಅಂದರು, ಕೆಲವರು ಯಾರೋ ಮಾಟ ಮಾಡಿಸಿದ್ದಾರೆ ಅಂದರು. ಯಾವ ಪರೀಕ್ಷೆಯನ್ನೂ ಮಾಡಿಸಲಿಲ್ಲ. ಮನೆಗೆ ಯಾರಾದರೂ ಬಂದರೆ ಅಪ್ಪ ಹೆಗಲ ಮೇಲಿನ ಟವೆಲನ್ನು ಕೈ ಮೇಲೆ ಎಳೆದುಕೊಳ್ಳುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯವರೆಲ್ಲ ಸೇರಿ ಅವರು ಎದೆನೋವಿನಿಂದ ಹೋದರು ಎಂದು ಹೇಳಲು ಶುರುಮಾಡಿದೆವು. ಹೇಳಿ ಹೇಳಿ ನಮಗೇ ನಂಬಿಕೆ ಬಂದುಬಿಟ್ಟಿತ್ತು.

ನಮ್ಮೂರಿನ ಡಾಕ್ಟರು ಮೊದಲು ನರಕ್ಕೆ ಅಂತ ಕೆಂಪು ವಿಟಮಿನ್ ಸೂಜಿ ಚುಚ್ಚಿದರು. ಗುಣ ಕಾಣಲಿಲ್ಲ. ಕೈ ತಿರುಗಿಸಿ ಮಗುಚಿ ನೋಡಿ, ಹಾಸನಕ್ಕೆ ಹೋಗಿ ನರದ ಟೆಸ್ಟ್ ಮಾಡಿಸಿ, ತಡಮಾಡಬೇಡಿ ಎಂದು ಚೀಟಿ ಬರೆದುಕೊಟ್ಟರು. ಚೀಟಿ ಮನೆಗೆ ಬಂದ ದಿನವೇ ಮನೆಯಲ್ಲಿ ಜಗಳ ಹತ್ತಿಕೊಂಡಿತು. ಯಾಕೆಂದರೆ ಆಗ ಮಗಳಿಗೆ ಅರಕಲಗೂಡಿನ ಕಡೆಯಿಂದ ಸಂಬಂಧ ಕೂಡಿಬಂದಿತ್ತು.

ಮಗಳು ಹಳ್ಳಿಮೈಸೂರಿನ ಒಂದು ಶಾಲೆಯಲ್ಲಿ ಟೀಚರು. ಹುಡುಗನದು ಗೊಬ್ಬರದ ಅಂಗಡಿ, ಒಳ್ಳೆಯ ವ್ಯಾಪಾರ. ನೋಡಿದ್ದಾಗಿತ್ತು, ಇಬ್ಬರೂ ಒಪ್ಪಿದ್ದರು, ಫೋನಿನಲ್ಲಿ ಮಾತೂ ನಡೆಯುತ್ತಿತ್ತು. ಅವರ ಹಿರಿಯರು ನಮ್ಮ ಮನೆಗೆ ಬಂದು ಊಟ ಮಾಡಿ ತಾಂಬೂಲ ತೆಗೆದುಕೊಂಡರೆ ಮಾತು ಗಟ್ಟಿ. ನಮ್ಮಲ್ಲಿ ಹೆಣ್ಣಿನ ಮದುವೆ ಅಂದರೆ ಸೋದರಮಾವನ ಮಾತಿಗೆ ತೂಕ ಜಾಸ್ತಿ. ಅದಕ್ಕೆ ನನ್ನ ಅಣ್ಣ, ಅತ್ತಿಗೆಯನ್ನು ಕರೆದುಕೊಂಡು ನುಗ್ಗೇಹಳ್ಳಿಯಿಂದ ಬಂದು ನಡುಮನೆಯಲ್ಲಿ ಕೂತ.

"ಹಾಸನದಾಗೆ ನಮ್ಮೋರು ಎಲ್ಲಿಲ್ಲ ಯೋಳು? ನರದ ಡಾಕ್ಟ್ರ ಬಾಗ್ಲಲ್ಲಿ ನೀನು ಕುಂತಿದ್ದೆ ಅಂತ ಸಂಜೆ ಒತ್ಗೆ ಅರಕಲಗೂಡಿಗೆ ಗೊತ್ತಾಯ್ತದೆ. ಅಪ್ಪುಂದೂ ಕೆದುಕ್ತಾರೆ. ಆ ಮನೇಲಿ ನರದ ಕಾಯ್ಲೆ ಅದೆ ಅಂದ್ರೆ ಯಾವನು ಎಣ್ಣು ತಗೊಂಡೋಯ್ತಾನೆ? ಮದ್ವೆ ಮುಗೀಲಿ. ಆಮ್ಯಾಕೆ ಬೆಂಗ್ಳೂರಿಗೇ ಕರ್ಕಂಡೋಯ್ತೀನಿ ಕಣಮ್ಮಿ" ಅಂದ.

"ಅಷ್ಟೊತ್ತಿಗೆ ಕೈ ಇರ್ಬೇಕಲ್ಲಣ್ಣ" ಅಂದೆ.

"ಕೈ ಎಲ್ಲಿಗೋಯ್ತದೆ ಬುಡು" ಅಂದಳು ಅತ್ತಿಗೆ. ಎಣ್ಣೆಯ ಸೀಸೆಯೊಂದನ್ನು ತಂದಿದ್ದಳು. ಚನ್ನರಾಯಪಟ್ಟಣದ ಹತ್ತಿರ ಯಾರೋ ನರ ಹಿಡಿಯುವವರು ಕೊಟ್ಟದ್ದಂತೆ. ತಿಕ್ಕಿದಳು, ತಿಕ್ಕಿದಳು, ಮನೆಯೆಲ್ಲ ವಾಸನೆ ಎದ್ದಿತೇ ಹೊರತು ನನ್ನ ಹೆಬ್ಬೆರಳು ಒಂದು ಗುಂಡಿ ಹಾಕುವಷ್ಟೂ ಚುರುಕಾಗಲಿಲ್ಲ.

ನನ್ನ ಗಂಡ ಪಂಪ್‌ಸೆಟ್ ಮೋಟಾರುಗಳಿಗೆ ಕಾಯಿಲ್ ಕಟ್ಟುವವರು. ಹತ್ತು ಮಾತಿಗೆ ಒಂದು ಉತ್ತರ ಕೊಡುವ ಆಸಾಮಿ. ಅಣ್ಣ ಹೋದ ಮೇಲೆ ಆ ಒಂದು ಉತ್ತರ ಬಂತು. "ಸುಟ್ಟೋಗದೆ ಅಂತ ರೈತ್ರು ಮೋಟ್ರು ತತ್ತಾರೆ. ಬಿಚ್ಚಿ ನೋಡುದ್ರೆ ಒಂದೊಂದ್ಸಾರಿ ಬರೀ ವೈರು ಕಿತ್ತೋಗಿರ್ತದೆ. ಬಿಚ್ದೆ ಎಂಗ್ ಯೋಳದು?" ಅಂದವರೇ ಹಾಸನಕ್ಕೆ ಫೋನ್ ಮಾಡಿ ದಿನ ಗೊತ್ತುಮಾಡಿದರು. ಗುರುವಾರ ಸಿಕ್ಕಿತು. ಅರಕಲಗೂಡಿನವರು ಬರುವುದಿದ್ದದ್ದು ಅದರ ಹಿಂದಿನ ಭಾನುವಾರ.

ಶನಿವಾರವೇ ಅಣ್ಣ, ಅತ್ತಿಗೆ ಮತ್ತೆ ಬಂದಿಳಿದರು. ಭಾನುವಾರದ ಚಿಂತೆ ಅತ್ತಿಗೆಯದು. ಹೆಣ್ಣಿನ ತಾಯಿ ಬೀಗಿತ್ತಿಯಾಗುವವಳಿಗೆ ತಾನೇ ಮೊದಲ ಸಿಹಿ ಬಡಿಸಬೇಕು. ಬಲಗೈಯಲ್ಲಿ ನನಗೆ ಸೌಟು ನಿಲ್ಲುತ್ತಿರಲಿಲ್ಲ, ಎಡಗೈಯಲ್ಲಿ ಬಡಿಸಿದರೆ ಬಂದವರಿಗೆ ಅವಮಾನ. ಮೊದಲು ಉದ್ದ ತೋಳಿನ ರವಿಕೆ ಹೊಲಿದುಕೋ ಅಂದಳು. "ಅತ್ತಿಗೆ, ತೋಳನ್ನ ಮಣಿಕಟ್ಟಿನವರೆಗೆ ಇಳಿಸ್ಬೋದು. ಹೆಬ್ಬೆಟ್ಟಿಗೆ ಯಾವ ಅಳತೆ ತಗೊಳ್ಳಲಿ?" ಅಂದೆ. ಅವಳು ನಗಲಿಲ್ಲ. ಮೆಡಿಕಲ್ ಸ್ಟೋರಿನಿಂದ ಬ್ಯಾಂಡೇಜು ಬಟ್ಟೆ ತರಿಸಿಟ್ಟಿದ್ದಳು. "ಇಸ್ತ್ರಿ ಪೆಟ್ಗೆ ತಾಕಿ ಸುಟ್ಟೋಯ್ತು ಅನ್ನು. ಟೈಲರು ಕೈ ಸುಟ್ಕಂಡ್ರೆ ಯಾರ್ ಅನುಮಾನ ಪಡ್ತಾರೆ? ಬಡಿಸೋದು ನಾನ್ ನೋಡ್ಕತೀನಿ" ಅಂದಳು.

ನಾನು ಕೈ ಮುಂದೆ ಚಾಚಿದೆ. ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ. ಅಂಗಡಿಯಲ್ಲಿ ಯಾರ ಮಾತನ್ನೂ ಲೆಕ್ಕಕ್ಕಿಡದವಳು, ಮಗಳ ಮದುವೆ ಅಂದಾಕ್ಷಣ ಹಸುವಿನ ಹಾಗೆ ಕೊರಳೊಡ್ಡಿ ನಿಂತೆ. ಅತ್ತಿಗೆ ಅಂಗೈಯಿಂದ ಮಣಿಕಟ್ಟಿನ ತನಕ ನೀಟಾಗಿ ಸುತ್ತಿದಳು. ಮೇಲೆ ನಿಜವೆನಿಸಲಿ ಎಂದು ಸ್ವಲ್ಪ ಹಳದಿ ಮುಲಾಮು ಸವರಿದಳು. ಮಗಳು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ಅವರು ಬಂದರು. ಹುಡುಗ, ಅವನ ತಾಯಿ, ಅವನ ದೊಡ್ಡಪ್ಪ. ಅವರ ಮನೆಯಲ್ಲಿ ದೊಡ್ಡಪ್ಪನದೇ ಯಜಮಾನಿಕೆ. ಮಾತು ಚೆನ್ನಾಗಿಯೇ ನಡೆಯಿತು. ಎಲೆ ಹಾಕಿದೆವು. ಅತ್ತಿಗೆ ಪಾಯಸದ ಪಾತ್ರೆ ಹಿಡಿದು ಬಂದಾಗ ಹುಡುಗನ ತಾಯಿ ನನ್ನ ಕೈ ನೋಡಿದರು.

"ಅಯ್ಯೋ ಅಕ್ಕಯ್ಯ, ಏನಾಯ್ತು ಕೈಗೆ?"

"ಇಸ್ತ್ರಿ ಪೆಟ್ಗೆ ತಾಕ್ಬುಡ್ತು ಕಣವ್ವ" ಅಂದಳು ಅತ್ತಿಗೆ, ನಾನು ಬಾಯಿ ತೆರೆಯುವ ಮುಂಚೆ.

"ಲೋಳೆಸರ ಹಚ್ಚುದ್ರಾ? ಸುಟ್ಟ ಗಾಯಕ್ಕೆ ಇಷ್ಟು ಬಿಗಿಯಾಗಿ ಕಟ್ಬಾರ್ದು. ಗಾಳಿ ಆಡ್ಬೇಕು. ಇಲ್ಲಿ ಕೊಡಿ, ಒಸಿ ಸಡ್ಲ ಮಾಡ್ತೀನಿ" ಎಂದು ಆಕೆ ಎಲೆಯ ಮುಂದೆ ಕೂತಲ್ಲಿಂದಲೇ ಕೈ ಚಾಚಿದರು.

ಒಳ್ಳೆಯ ಹೆಂಗಸು. ನನ್ನ ಕೈ ನೋಯುತ್ತಿರಬಹುದು ಎಂದು ಆಕೆಯ ಮುಖ ಸಣ್ಣಗಾಗಿತ್ತು. ಈ ಮುಖಕ್ಕೆ ಸುಳ್ಳು ಹೇಳಿ ನನ್ನ ಮಗಳನ್ನು ಈಕೆಯ ಮನೆಗೆ ಕಳಿಸುವುದೇ ಅನ್ನಿಸಿತು. ನಾಳೆ ನನ್ನ ಕಾಲು ಎಳೆಯತೊಡಗಿದರೆ ಅದಕ್ಕೆ ಯಾವ ಬಟ್ಟೆ ಸುತ್ತುವುದು? ನಾನು ಸತ್ತರೆ ಎದೆನೋವು ಎಂದು ಹೇಳಲು ಮಗಳಿಗೆ ಈಗಿನಿಂದಲೇ ಪಾಠ ಮಾಡುವುದೇ? ಹೆದರಿಕೆ ಎಲ್ಲಿ ಹೋಯಿತೋ, ಸಿಟ್ಟು ನೆತ್ತಿಗೇರಿತು. ಎಡಗೈಯಲ್ಲಿ ಬ್ಯಾಂಡೇಜಿನ ತುದಿ ಹಿಡಿದು ಬಿಚ್ಚತೊಡಗಿದೆ. ಅಣ್ಣ "ಲೇ, ಲೇ" ಅಂದ. ನಾನು ನಿಲ್ಲಿಸಲಿಲ್ಲ.

"ಸುಟ್ಟಿಲ್ಲ ಕಣಮ್ಮ. ಸುಳ್ಳು ಕಟ್ಟಿದ್ದೀವಿ" ಅಂದೆ. ಎರಡೂ ಕೈ ಪಕ್ಕಪಕ್ಕ ಹಿಡಿದು ತೋರಿಸಿದೆ. "ಈ ಕೈ ಸೊರಗ್ತಾ ಇದೆ. ಬೆರಳಿಗೆ ಸ್ಪರ್ಶ ಇಲ್ಲ, ಶಕ್ತಿ ಇಲ್ಲ. ನಮ್ಮಪ್ಪನಿಗೂ ಹಿಂಗೇ ಶುರುವಾಗಿತ್ತು. ಅವರು ಎದೆನೋವಿಂದ ಹೋಗ್ಲಿಲ್ಲ, ಕೈಕಾಲು ನಾಲಗೆ ಎಲ್ಲ ಬಿದ್ದುಹೋಗಿ ಸತ್ರು. ಏನು ಕಾಯಿಲೆ ಅಂತ ನಮಗೆ ಗೊತ್ತಿಲ್ಲ, ತೋರಿಸ್ಲಿಲ್ಲ. ಗುರುವಾರ ಹಾಸನದಲ್ಲಿ ನನಗೆ ಟೆಸ್ಟ್ ಇದೆ. ಅದೇ ಇರ್ಬೋದು, ಅಲ್ದೇನೂ ಇರ್ಬೋದು. ನಮ್ಮ ಮನೆಯ ವಿಷಯ ಇಷ್ಟು. ಇದನ್ನ ತಿಳ್ಕೊಂಡು ಮುಂದಿನ ಮಾತಾಡಿ."

ನಾನು ಅತ್ತಿಗೆಯ ಕೈಯಿಂದ ಸೌಟು ತೆಗೆದುಕೊಂಡೆ. "ಬಲಗೈಯಲ್ಲಿ ಸೌಟು ನಿಲ್ಲಲ್ಲ. ಎಡಗೈಯಲ್ಲೇ ಬಡಿಸ್ತೀನಿ. ಬೇಡ ಅನ್ನೋರು ಹೇಳ್ಬಿಡಿ" ಅಂದೆ. ಹುಡುಗನ ತಾಯಿ ಎಲೆಯನ್ನು ನನ್ನ ಕಡೆ ಸ್ವಲ್ಪ ಸರಿಸಿದರು. ಬಡಿಸಿದೆ. ತಿಂದರು. ಹುಡುಗ ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ತನಗೆ ಶುಗರ್ ಇದೆ ಎಂದು ಎಲೆಯ ಮೇಲೆ ಕೈ ಅಡ್ಡ ಇಟ್ಟ. ಹುಡುಗನೂ ಸಾಕು ಅಂದ, ಅವನಿಗೆ ಯಾವ ಶುಗರೋ ನನಗೆ ಗೊತ್ತಿಲ್ಲ.

ಮನೆಗೆ ಹೋಗಿ ಮಾತಾಡಿ ತಿಳಿಸುತ್ತೇವೆ ಎಂದು ಎದ್ದರು. ತಾಂಬೂಲದ ತಟ್ಟೆ ಮುಟ್ಟಲಿಲ್ಲ.

ಅವರ ಕಾರು ತಿರುವು ದಾಟುವ ತನಕ ತಡೆದುಕೊಂಡಿದ್ದ ಅಣ್ಣ ಆಮೇಲೆ ಸ್ಫೋಟವಾದ. "ನಿನ್ ನಾಲ್ಗೆಗೆ ಒಂದ್ ಹೊಲಿಗೆ ಆಕ್ಕಳಕ್ಕೆ ಆಗ್ಲಿಲ್ವಾ? ನನ್ ಸೊಸೆ ಬಾಳು ಆಳ್ಮಾಡ್ಬುಟ್ಟಲ್ಲ!"

"ಅಪ್ಪನ್ನ ಮುಚ್ಚಿಟ್ಟು ಮುಚ್ಚಿಟ್ಟು ಒಬ್ಬ ಡಾಕ್ಟರಿಗೂ ತೋರಿಸ್ದೆ ಕಳ್ಕೊಂಡ್ವಿ. ನನ್ನನ್ನ ಮುಚ್ಚಿಡೋಕೆ ನಾನು ಬಿಡಲ್ಲಣ್ಣ" ಅಂದೆ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ. ಅತ್ತಿಗೆ ಎಣ್ಣೆ ಸೀಸೆಯನ್ನೂ ತೆಗೆದುಕೊಂಡು ಹೋದಳು, ಅದೊಂದು ಉಪಕಾರವಾಯಿತು.

ಅಣ್ಣನಿಗೆ ನಾನು ಹೆದರಲಿಲ್ಲ. ಹೆದರಿದ್ದು ಮಗಳಿಗೆ. ಆ ಸಂಜೆ ಅವಳು ಪಾತ್ರೆ ತೊಳೆದು ಒರೆಸಿ ಜೋಡಿಸಿಟ್ಟಳು, ಮಕ್ಕಳ ಪರೀಕ್ಷೆಯ ಪೇಪರು ತಿದ್ದಿದಳು. ಫೋನನ್ನು ಆಗಾಗ ತಿರುಗಿಸಿ ನೋಡುತ್ತಿದ್ದಳು. ಧೈರ್ಯ ನನ್ನದು, ನಷ್ಟ ಅವಳದು. ಆ ಲೆಕ್ಕ ನನಗೆ ಅರ್ಥವಾಗುತ್ತಿತ್ತು. ಆದರೂ ಮಾಡಿದ್ದು ತಪ್ಪು ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ, ಅದೇ ನನ್ನ ಕರ್ಮ.

ಗುರುವಾರ ಅವಳೇ ರಜೆ ಹಾಕಿ ನನ್ನ ಜೊತೆ ಹೊರಟಳು. ಇಬ್ಬರೂ ಆಧಾರ್ ಕಾರ್ಡು ತೋರಿಸಿ ಫ್ರೀ ಬಸ್ಸಿನಲ್ಲಿ ಕೂತೆವು. ಮೊಸಳೆಹೊಸಹಳ್ಳಿಯಲ್ಲಿ ಹತ್ತಿದ ನಮ್ಮ ಪರಿಚಯದ ಹೆಂಗಸೊಬ್ಬಳು ಎಲ್ಲಿಗೆ ಅಂದಳು. "ನರದ ಟೆಸ್ಟಿಗೆ" ಎಂದು ಹಿಂದಿನ ಸೀಟಿಗೂ ಕೇಳಿಸುವ ಹಾಗೆ ಹೇಳಿದೆ.

ಟೆಸ್ಟ್ ಮಾಡುವ ಕೋಣೆಯಲ್ಲಿ ಎ.ಸಿ. ಚಳಿ. ಅಲ್ಲಿದ್ದ ಹುಡುಗಿ ನನ್ನ ತೋಳು ಮುಟ್ಟಿ, "ಎಣ್ಣೆ ಹಚ್ಚಿಕೊಂಡು ಬರಬೇಡಿ ಅಂತ ಫೋನಿನಲ್ಲೇ ಹೇಳಿದ್ವಲ್ಲಮ್ಮ" ಅಂದಳು. ತೆಂಗಿನ ಸೀಮೆಯಲ್ಲಿ ಹುಟ್ಟಿದವಳು ನಾನು. ಸ್ನಾನ ಮಾಡಿದ ಮೇಲೆ ಕೈಕಾಲಿಗೆ ಕೊಬ್ಬರಿ ಎಣ್ಣೆ ಸವರುವುದನ್ನು ಎಣ್ಣೆ ಹಚ್ಚುವುದು ಎಂದು ನಾವು ಯಾವತ್ತೂ ಲೆಕ್ಕ ಹಿಡಿದವರೇ ಅಲ್ಲ. ಅವಳು ಸ್ಪಿರಿಟ್ ಹಾಕಿ ತೋಳೆಲ್ಲ ಉಜ್ಜಿದಳು. ಎಣ್ಣೆ ಇದ್ದರೆ ವೈರಿನ ಪಟ್ಟಿ ಚರ್ಮಕ್ಕೆ ಅಂಟುವುದಿಲ್ಲವಂತೆ. ಕೈ ತಣ್ಣಗಿದ್ದರೆ ಒಳ್ಳೆಯ ನರವೂ ನಿಧಾನವೆಂದು ತೋರುತ್ತದಂತೆ. ಅದಕ್ಕೆ ಬಿಸಿನೀರಿನ ಚೀಲ ಕೊಟ್ಟು ಕೂರಿಸಿದಳು.

ಆಮೇಲೆ ಬೆರಳಿಗೆ, ಅಂಗೈಗೆ ಪಟ್ಟಿ ಅಂಟಿಸಿ, ಎರಡು ಮೊನೆಯ ಒಂದು ಕಡ್ಡಿಯನ್ನು ಮಣಿಕಟ್ಟಿಗೆ ಒತ್ತಿ ಕರೆಂಟ್ ಬಿಟ್ಟಳು. ಟಕ್ ಎಂದು ಹೊಡೆಯಿತು, ಹೆಬ್ಬೆರಳು ನನ್ನ ಅಪ್ಪಣೆಯಿಲ್ಲದೆ ಕುಣಿಯಿತು. ಮತ್ತೆ ಮೊಣಕೈಯಲ್ಲಿ ಹೊಡೆದಳು. ಎಲ್ಲಿಂದ ಹೊರಟ ಕರೆಂಟು ಎಷ್ಟು ಹೊತ್ತಿಗೆ ಎಲ್ಲಿ ಮುಟ್ಟಿತು ಎಂದು ಮಿಷನ್ನು ಗೆರೆ ಎಳೆಯುತ್ತಿತ್ತು. ಎರಡೂ ಕೈ ಆಯಿತು, ಕಾಲೂ ಆಯಿತು. ನೋಯುತ್ತಾ ಎಂದು ಕೇಳಿದಳು. "ನೋಯುತ್ತೆ. ನಿಲ್ಲಿಸ್ಬೇಡ" ಅಂದೆ.

ನಂತರ ಡಾಕ್ಟರು ಬಂದು ತೆಳ್ಳಗಿನ ಸೂಜಿಯನ್ನು ಹೆಬ್ಬೆರಳಿನ ಬುಡಕ್ಕೆ ಇಳಿಸಿದರು. ಬೆರಳು ಬಿಗಿ ಮಾಡಿದಾಗ ಮಿಷನ್ನಿನಿಂದ ಸದ್ದು ಬಂತು, ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಆಮೇಲೆ ಮುಂದೋಳು, ಭುಜ, ಕಾಲಿನ ಮೀನಖಂಡ. ಒಂದೊಂದು ಕಡೆ ಸೂಜಿ ಇಳಿದಾಗಲೂ ನಾನು ಡಾಕ್ಟರ ಮುಖವನ್ನೇ ನೋಡುತ್ತಿದ್ದೆ. ಅಲ್ಲಿ ಏನೂ ಕಾಣದೆ ಹೋದಾಗ ಬಾಯಿಬಿಟ್ಟು ಕೇಳಿದೆ. "ಸಾರ್, ನಮ್ಮಪ್ಪ ಕೈಕಾಲು ಸೊರಗಿ ಸತ್ತರು. ಅದು ನನಗೆ ಇದೆಯೋ ಇಲ್ಲವೋ, ಸುತ್ತಿ ಬಳಸಿ ಹೇಳಬೇಡಿ."

ಅವರು ಸೂಜಿ ತೆಗೆದು ಕೂತರು. ಅಪ್ಪನಿಗೆ ಜುಮ್ಮೆನ್ನುತ್ತಿತ್ತೇ ಎಂದು ಕೇಳಿದರು. ಇಲ್ಲ, ಬರೀ ಶಕ್ತಿ ಹೋಗಿತ್ತು ಅಂದೆ. ಆಮೇಲೆ ನಿಧಾನವಾಗಿ ಹೇಳಿದರು. "ನಿಮ್ಮದು ಬೇರೆ ಅಮ್ಮ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ. ಅಲ್ಲಿಂದ ಮುಂದಕ್ಕೇ ತೊಂದರೆ. ತೋಳು, ಭುಜ, ಕಾಲು ಎಲ್ಲ ಸರಿಯಾಗಿವೆ. ಅಂಥ ಕಾಯಿಲೆಯ ಗುರುತು ಇಲ್ಲಿ ಯಾವುದೂ ಇಲ್ಲ. ಒಂದು ಸಣ್ಣ ಆಪರೇಷನ್ ಮಾಡಿ ಬಿಡಿಸಬೇಕು. ಆದರೆ ಬಹಳ ತಡಮಾಡಿದ್ದೀರಿ. ಜುಮ್ಮೆನ್ನುವುದು ಕಡಿಮೆಯಾಗುತ್ತೆ. ಸೊರಗಿರುವ ಮಾಂಸ ಪೂರ್ತಿ ತುಂಬುತ್ತೆ ಅಂತ ಮಾತು ಕೊಡಲ್ಲ. ಇನ್ನೂ ಬಿಟ್ಟಿದ್ದರೆ ಇರೋದೂ ಹೋಗ್ತಿತ್ತು."

"ಹಾಗಾದ್ರೆ ಅಪ್ಪನಿಗೆ ಇದ್ದದ್ದು ಏನು ಸಾರ್?"

"ನೋಡದೆ ಹೇಗೆ ಹೇಳಲಿ?" ಅಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ಬದುಕಿಕೊಂಡೆ ಎಂಬ ಸಂತೋಷ ಒಂದು ಕಡೆ. ಅಪ್ಪನನ್ನು ಒಂದು ಸಲ ಇಂಥ ಕೋಣೆಗೆ ಕರೆತಂದಿದ್ದರೆ ಉಳಿಯುತ್ತಿರಲಿಲ್ಲವೇನೋ, ಆದರೆ ಗಾಳಿ ಮಾಟ ಎಂದು ಅನ್ನಿಸಿಕೊಂಡು ಸಾಯುತ್ತಿರಲಿಲ್ಲ ಎಂಬ ಸಂಕಟ ಒಂದು ಕಡೆ. ಮಗಳು ಬೆನ್ನು ಸವರಿದಳು. ಆಗಲೂ ಮದುವೆಯ ಮಾತು ಎತ್ತಲಿಲ್ಲ.

ಸುದ್ದಿ ಕೇಳಿದ ಅಣ್ಣನಿಗೆ ಜೀವ ಬಂತು. ನಾವು ಊರು ಮುಟ್ಟುವಷ್ಟರಲ್ಲಿ ಅರಕಲಗೂಡಿಗೆ ಫೋನ್ ಹೋಗಿತ್ತು. ಮಾರನೆಯ ದಿನ ಸಂಜೆ, ಮಗಳೂ ಶಾಲೆಯಿಂದ ಬಂದಿದ್ದಾಗ, ಅವನೇ ನಮ್ಮ ಅಂಗಡಿಗೆ ಬಂದು ಕೂತ, ಅಲ್ಲಿಂದಲೇ ಹುಡುಗನ ದೊಡ್ಡಪ್ಪನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಿಸಲಿ ಎಂದು ಸ್ಪೀಕರ್ ಹಾಕಿ ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟ.

"ನಮ್ದೇನೂ ತಕರಾರಿಲ್ಲ" ಅಂದಿತು ದೊಡ್ಡಪ್ಪನ ದನಿ. "ಆ ರಿಪೋರ್ಟು ವಾಟ್ಸಾಪಲ್ಲಿ ಕಳ್ಸಿ. ನಮ್ ಕಡೆ ಡಾಕ್ಟ್ರೊಬ್ರು ಅವ್ರೆ, ತೋರುಸ್ತೀವಿ. ಎಣ್ಣಿಗೂ ಒಂದ್ಸಾರಿ ಅದೇ ಟೆಸ್ಟ್ ಮಾಡುಸ್ಬುಡಿ, ಮನ್ಸಿಗೆ ಸಮಾಧಾನ. ಎಲ್ಲ ಸರಿ ಇದ್ರೆ ತಾಂಬೂಲ ಇಟ್ಕಳಣ."

"ಕಳ್ಸ್ತೀವಿ, ಇವಾಗ್ಲೇ ಕಳ್ಸ್ತೀವಿ" ಅಂದ ಅಣ್ಣ. ನನ್ನ ಕಡೆ ತಿರುಗಿ ಬೇಗ ಬೇಗ ಎಂದು ಸನ್ನೆ ಮಾಡಿದ.

ನನ್ನ ಬಾಯಿಗೆ ಬಂದಿದ್ದು ಬೇರೆ. ರಿಪೋರ್ಟು ಕೆಟ್ಟದಾಗಿ ಬಂದಿದ್ದರೆ ನನ್ನ ಮಗಳು ಬೇರೆ ಯಾವ ಹುಡುಗಿಯಾಗಿಬಿಡುತ್ತಿದ್ದಳು ಎಂದು ಕೇಳಬೇಕೆನ್ನಿಸಿತು. ಹೆತ್ತ ಮಗಳನ್ನು ಮಣಿಕಟ್ಟಿನ ನರ ತೋರಿಸಿ ಒಪ್ಪಿಸುವುದೆಂದರೆ ನನಗೆ ಉಗಿಯುವ ಹಾಗಾಯಿತು. ಆದರೆ ಭಾನುವಾರ ನನ್ನ ಮಾತು ನಾನು ಆಡಿ ಆಗಿತ್ತು. ಇದು ಅವಳ ಬಾಳು. ಆಪರೇಷನ್ನಿಗಿಂತ ಕಷ್ಟಪಟ್ಟು ತುಟಿ ಕಚ್ಚಿ ಹಿಡಿದು, ರಿಪೋರ್ಟನ್ನು ಅವಳ ಮುಂದೆ ಇಟ್ಟೆ. "ನಿನ್ನಿಷ್ಟ ಮಗಳೇ. ಕಳಿಸು ಅಂದ್ರೆ ಕಳಿಸೋಣ" ಅಂದೆ. ನಿಜವಾಗಿ ಹಾಗೇ ಮಾಡಲು ತಯಾರಿದ್ದೆ.

ಅವಳು ಮೇಜಿನ ಹತ್ತಿರ ಬಂದು ಫೋನಿಗೆ ಬಾಗಿದಳು. ಶಾಲೆಯಲ್ಲಿ ಮಕ್ಕಳ ಜೊತೆ ಮಾತಾಡುವ ಹಾಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು.

"ಕಳಿಸ್ತೀವಿ ದೊಡ್ಡಪ್ಪ. ನೀವೂ ಒಂದು ಸಲ ಹಾಸನಕ್ಕೆ ಬಂದು ನಿಮ್ಮನೇಲಿ ಎಲ್ಲರ ನರಾನೂ ಟೆಸ್ಟ್ ಮಾಡಿಸಿ ಕಳಿಸಿ. ನಮ್ಮ ಕಡೆನೂ ಡಾಕ್ಟರ್ ಇದ್ದಾರೆ, ತೋರಿಸ್ತೀವಿ. ಎಲ್ಲ ಸರಿ ಇದ್ರೆ ನಾವು ಯೋಚನೆ ಮಾಡಿ ಹೇಳ್ತೀವಿ."

ಆ ಕಡೆಯಿಂದ ಏನೋ ಗಟ್ಟಿ ದನಿ ಶುರುವಾಯಿತು. ಅವಳು ಫೋನ್ ಕಟ್ ಮಾಡಿದಳು.

ಅಣ್ಣ ಎದ್ದು ನಿಂತ. "ಏನ್ ಮಾಡ್ದವ್ವ ನೀನು? ಇವಳ್ಗೆ ಬುದ್ಧಿ ಇಲ್ಲ ಅಂದ್ರೆ ನಿಂಗೂ ಇಲ್ವಾ?"

"ಭಾನುವಾರ ಅಮ್ಮ ಎಡಗೈಲಿ ಬಡಿಸಿದ್ದು ಆ ಹುಡುಗನೇ ಕಣ್ಣಾರೆ ನೋಡಿದ, ಮಾವ" ಅಂದಳು ಮಗಳು. "ಅವತ್ತಿಂದ ದಿನಾ ಫೋನ್ ನೋಡ್ತಾ ಇದ್ದೀನಿ. ಒಂದೇ ಒಂದು ಸಲ ಫೋನ್ ಮಾಡಿ ನಿಮ್ಮಮ್ಮನ ಕೈ ಹೇಗಿದೆ ಅಂತ ಅವನು ಕೇಳಲಿಲ್ಲ."

ಅಣ್ಣ ಹೊಲಿಗೆ ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತುಬಿಟ್ಟ. ಮಗಳು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಅಮ್ಮ, ಆಪರೇಷನ್ನಿಗೆ ಯಾವತ್ತು ಬರೋಕೆ ಹೇಳಿದ್ದಾರೆ? ಸ್ಕೂಲಿಗೆ ರಜೆ ಹೇಳ್ಬೇಕು" ಅಂದಳು.